ಬೆಂಗಳೂರಲ್ಲಿ ನಾಲ್ಕು ದಿನ, ಹನ್ನೊಂದು ಮನೆ



ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ. ಹದಿನೆಂಟು ವರ್ಷ ದ್ವಿತೀಯ ದರ್ಜೆ ಸಹಾಯಕನಾಗಿದ್ದ ನನಗೆ ಈಗ ಪ್ರಥಮ ದರ್ಜೆಗೆ ಬಡ್ತಿ ಬಂದಿದೆ. ಜಾಗ ತೋರಿಸಿರೋದು ಬೆಂಗಳೂರು. (ಇಲಾಖೆ ಹೆಸರು ಬರೆಯಲ್ಲ, ನಡತೆ ನಿಯಮ ಅಂತ ಒಂದಿದೆ, ನೌಕರರಿಗೆಲ್ಲ ಗೊತ್ತು.) ಒಪ್ಪಿದರೆ ಕೊಳ್ಳೇಗಾಲ ಬಿಡಬೇಕು, ಒಪ್ಪದಿದ್ದರೆ ಬಡ್ತಿ ಬಿಡಬೇಕು. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕು ಅಂತಿದ್ದಾಳೆ, ಅವಳಿಗಂತೂ ಬೆಂಗಳೂರೇ ಬೇಕು. ಮೊದಲು ಹೋಗಿ ನೋಡೋಣ, ಮನೆ ಸಿಗುತ್ತಾ ವಿಚಾರಿಸೋಣ ಅಂತ ನಾಲ್ಕು ದಿನ ರಜೆ ಹಾಕಿ ಹೋಗಿದ್ದೆ. ಧರಣಿಗೆ, ಸಮಾವೇಶಕ್ಕೆ ಅಂತ ಇಪ್ಪತ್ತು ವರ್ಷದಿಂದ ಲಾರಿ ಹತ್ತಿ, ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿದ್ದೀನಿ. ಬಾಡಿಗೆ ಮನೆ ಕೇಳೋಕೆ ಹೋಗಿದ್ದು ಇದೇ ಮೊದಲು.

ಒಳ್ಳೇದನ್ನ ಮೊದಲು ಹೇಳ್ತೀನಿ. ಮಳವಳ್ಳಿ, ಕನಕಪುರ ಮೇಲೆ ಹೋಗೋ ಬಸ್ಸಲ್ಲಿ ರೇಷ್ಮೆ ಸಂಸ್ಥೆ ಹತ್ರ ಇಳಿದ್ರೆ ಅಲ್ಲೇ ಹಸಿರು ಮಾರ್ಗದ ಮೆಟ್ರೋ. ಮೆಜೆಸ್ಟಿಕ್ಕಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದ್ರೆ ಎರಡನೇ ಸ್ಟಾಪು ವಿಧಾನಸೌಧ. ಗಾಡಿಯೊಳಗೆ ಧ್ವನಿವರ್ಧಕದಲ್ಲಿ ಹೇಳ್ತಾರೆ, ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ ಅಂತ. ಲ್ಯಾಪ್‌ಟಾಪ್ ಚೀಲದವರು, ಕಾಲೇಜು ಹುಡುಗ್ರು, ಕೊರಳಿಗೆ ಐಡಿ ಕಾರ್ಡು ತೂಗುಹಾಕಿಕೊಂಡವರು, ಎಲ್ಲರ ಕಿವಿಗೂ ದಿನಾ ಆ ಹೆಸರು ಬೀಳುತ್ತೆ. ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಕೂತವನು ಯಾರ ಮಗ, ಯಾವ ಕೇರಿ ಅಂತ ಒಬ್ಬರೂ ಕೇಳಲ್ಲ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತನನ್ನ ಒಳಗೆ ಬಿಡದೆ ತಡೆದಿದ್ರಲ್ಲ, ಆವತ್ತು ಅವನ ಪರ ಜಗಳಕ್ಕೆ ನಿಂತವರೂ ಅಲ್ಲಿದ್ದ ಪ್ರಯಾಣಿಕರೇ. ನಮ್ಮ ಊರ ಬಸ್ಟ್ಯಾಂಡಲ್ಲಿ ಹಾಗೆ ಯಾರಾದ್ರೂ ನಿಲ್ತಿದ್ರಾ ಅಂತ ಯೋಚನೆ ಮಾಡಿದೆ. ಟಿಕೆಟ್ ಮಾತ್ರ ದುಬಾರಿ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿಸಿದ್ದಾರೆ. ದಿನಾ ಹೋಗಿಬರೋ ಗುಮಾಸ್ತನಿಗೆ ಅದು ಸಣ್ಣ ಲೆಕ್ಕ ಅಲ್ಲ.

ಬೆಳಗ್ಗೆ ಆರು ಗಂಟೆಗೆ ರಸ್ತೆ ಗುಡಿಸ್ತಿದ್ದ ಒಬ್ಬ ಅಕ್ಕನ್ನ ಮಾತಾಡಿಸಿದೆ. ಮನೆಮಾತು ತೆಲುಗು, ಕನ್ನಡ ಚೆನ್ನಾಗೇ ಬರ್ತಿತ್ತು. 'ಪರ್ಮನೆಂಟ್ ಆಯ್ತಣ್ಣ, ಇಪ್ಪತ್ತು ವರ್ಷ ಬೇಕಾಯ್ತು' ಅಂದ್ರು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ನಿಲ್ಲಿಸಿ ಕೂತಿದ್ದು, ಕೊನೆಗೆ 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಆದೇಶ ಪತ್ರ ಸಿಕ್ಕಿದ್ದು ನಿಮಗೆ ನೆನಪಿರಬೇಕು. ಇಂಥದ್ದು ಊರಲ್ಲಿ ಆಗಲ್ಲ. ಇಷ್ಟು ಜನ ಒಟ್ಟಿಗೆ ಸೇರೋಕೆ ನಗರವೇ ಬೇಕು. ಪೊರಕೆ ಹಿಡಿದ ಕೈ ಮಾತ್ರ ಇನ್ನೂ ನಮ್ಮವರದೇ, ಅದು ಬೇರೆ ಮಾತು.

ಈಗ ಮನೆ ವಿಚಾರಕ್ಕೆ ಬರ್ತೀನಿ.

ಮೆಟ್ರೋ ಹತ್ರ ಇರಲಿ ಅಂತ ಕೋಣನಕುಂಟೆ, ಯಲಚೇನಹಳ್ಳಿ, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ ಸುತ್ತಿದೆ. ಏಳನೇ ವೇತನ ಆಯೋಗದ ಪ್ರಕಾರ ಬೆಂಗಳೂರಿಗೆ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ. 20. ನನ್ನ ಲೆಕ್ಕಕ್ಕೆ ಹತ್ತು ಸಾವಿರ ಮುಟ್ಟಲ್ಲ. ಒಂದು ರೂಮು, ಹಾಲು, ಅಡುಗೆಮನೆಗೆ ಅವರು ಹೇಳ್ತಿದ್ದಿದ್ದು 14,000, 16,000. ಅಡ್ವಾನ್ಸು ಲಕ್ಷ. ಅದನ್ನ ಹೇಗೋ ಹೊಂದಿಸಬಹುದು, ಸೊಸೈಟಿ ಸಾಲ ಇದೆ. ತೊಡಕು ದುಡ್ಡಿಂದಲ್ಲ.

ನಾಲ್ಕು ದಿನದಲ್ಲಿ ಹನ್ನೊಂದು ಮನೆ ನೋಡಿದೆ. 'ನಿಮ್ಮ ಜಾತಿ ಯಾವುದು' ಅಂತ ಬಾಯ್ಬಿಟ್ಟು ಕೇಳಿದೋರು ಒಬ್ಬರೇ, ವಯಸ್ಸಾದ ಅಜ್ಜ. ಉಳಿದವರೆಲ್ಲ ಸುತ್ತುಬಳಸಿ ಕೇಳ್ತಾರೆ. 'ಯಾವ ಕಡೆಯವ್ರು ಸಾರ್?' 'ಊರಲ್ಲಿ ಜಮೀನಿದೆಯಾ?' 'ವೆಜ್ಜಾ, ನಾನ್‌ವೆಜ್ಜಾ?' 'ನಿಮ್ಮೋರು ಅಂದ್ರೆ ಯಾರು?' ಒಬ್ಬ ಯಜಮಾನಿ ಮಾತ್ರ ಭಾರಿ ಚುರುಕು, ಮನೆದೇವ್ರು ಯಾವುದು ಅಂದ್ರು. ಮಾದಪ್ಪ ಅಂದೆ. ಆಯಮ್ಮನಿಗೆ ಏನೂ ಗೊತ್ತಾಗಲಿಲ್ಲ. ನಮ್ಮ ಸೀಮೆಯಲ್ಲಿ ಲಿಂಗಾಯತರಿಂದ ಹಿಡಿದು ನಮ್ಮ ಕೇರಿತನಕ ಎಲ್ಲರೂ ಮಲೆ ಮಾದಪ್ಪನ ಒಕ್ಕಲೇ. ನಗು ತಡ್ಕೊಂಡು ನಿಂತಿದ್ದೆ. ಮಂಟೇಸ್ವಾಮಿ, ಸಿದ್ಧಪ್ಪಾಜಿ ಅಂದಿದ್ರೆ ಆಕೆ ಏನು ಅರ್ಥ ಮಾಡ್ಕೋತಿದ್ರೋ ಕಾಣೆ.

ಅದೇ ಮನೆ ನನಗೆ ಇಷ್ಟವಾಗಿತ್ತು. ಕಿಟಕಿ ದೊಡ್ಡದು, ಮಗಳಿಗೆ ಓದೋಕೆ ಒಂದು ಮೂಲೆ ಇತ್ತು. ಅವರೂ ಒಪ್ಪಿದ್ರು. 'ಆಧಾರ್ ಕಾರ್ಡು ವಾಟ್ಸಾಪ್ ಮಾಡಿ, ಸಂಜೆ ಟೋಕನ್ ಅಡ್ವಾನ್ಸ್ ಹಾಕಿ' ಅಂದ್ರು. ಮಾಡಿದೆ. ನನ್ನ ಡಿಪಿಯಲ್ಲಿ ಬಾಬಾಸಾಹೇಬರಿದ್ದಾರೆ, ನಿಮಗೆಲ್ಲ ಗೊತ್ತಿರೋ ಅದೇ ನೀಲಿ ಕೋಟಿನ ಚಿತ್ರ. ಅರ್ಧ ಗಂಟೆಗೆ ಫೋನ್ ಬಂತು. 'ಸಾರಿ ಸಾರ್, ಮನೆ ನಮ್ಮಕ್ಕನ ಮಗನಿಗೆ ಬೇಕಂತೆ.' ಮಾರನೇ ದಿನ ಆ ಬೀದೀಲೇ ಬಂದೆ, ಟು ಲೆಟ್ ಬೋರ್ಡು ಗೇಟಿಗೆ ನೇತಾಡ್ತಾನೇ ಇತ್ತು. ಸ್ನೇಹಿತನ ಸಹೋದ್ಯೋಗಿ ಒಬ್ಬರ ಕೈಲಿ ಫೋನ್ ಮಾಡಿಸಿದೆ. ಅವರ ಹೆಸರಿನ ಹಿಂದೆ ಒಳ್ಳೇ ಬಾಲ ಇದೆ. 'ಖಾಲಿ ಇದೆ, ಬನ್ನಿ ನೋಡಿ' ಅಂದ್ರಂತೆ.

1917ರಲ್ಲಿ ಬರೋಡಾದಲ್ಲಿ ಬಾಬಾಸಾಹೇಬರಿಗೆ ಎಲ್ಲೂ ಮನೆ ಸಿಗದೆ, ಹೆಸರು ಮರೆಸಿಕೊಂಡು ಪಾರ್ಸಿ ಛತ್ರದಲ್ಲಿ ಉಳಿದು, ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಹಾಕಿದ್ದು ನಾವು ಪ್ರತಿ ಶಿಬಿರದಲ್ಲೂ ಹೇಳೋ ಕಥೆ. ಆಗ ಅವರು ಹೊರದೇಶದಲ್ಲಿ ಓದಿ ಬಂದಿದ್ದವರು, ಸಂಸ್ಥಾನದ ಅಧಿಕಾರಿ. ನೂರು ವರ್ಷದ ಮೇಲೆ ದೊಣ್ಣೆ ಹೋಗಿದೆ, ಅಕ್ಕನ ಮಗ ಬಂದಿದ್ದಾನೆ.

ಈ ಊರು ಮೊದಲಿಂದಲೂ ಜಾತಿ ಲೆಕ್ಕದಲ್ಲೇ ಬೆಳೆದದ್ದು ಅನ್ನೋಕೆ ಪೇಟೆಯ ಹೆಸರುಗಳೇ ಸಾಕು. ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಅದು ಹಳೇ ಕಾಲ, ಈಗ ಐಟಿ ಬಂದು ಎಲ್ಲ ಬೆರೆತುಹೋಗಿದೆ ಅಂತ ಹೇಳೋರಿಗೆ ಐಐಎಂ ಬೆಂಗಳೂರಿನ ನವೀನ್ ಭಾರತಿ, ದೀಪಕ್ ಮಲ್ಘಾನ್ ಮುಂತಾದವರು ಮಾಡಿದ ಅಧ್ಯಯನ ತೋರಿಸಿ. ವಾರ್ಡು ಲೆಕ್ಕದಲ್ಲಿ ಬೆರೆತ ಹಾಗೆ ಕಾಣುತ್ತೆ, ವಾರ್ಡಿನ ಒಳಗೆ ಬೀದಿ ಮಟ್ಟಕ್ಕೆ ಇಳಿದು ನೋಡಿದ್ರೆ ಕೇರಿ ಬೇರೆಯಾಗೇ ಇದೆ, ನಗರ ದೊಡ್ಡದಾದ ಮಾತ್ರಕ್ಕೆ ಅದು ಅಳಿಸಿಹೋಗಲ್ಲ, ಇದು ಅವರ ಸಾರಾಂಶ. ಕೋರಮಂಗಲದ ಮಗ್ಗುಲಲ್ಲಿದ್ದ ಈಜಿಪುರದ ಬಡವರ ವಸತಿಯನ್ನ 2013ರ ಜನವರಿಯಲ್ಲಿ ಕೆಡವಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನ ಬೀದಿಗೆ ಹಾಕಿದ್ರಲ್ಲ, ಅಲ್ಲಿದ್ದವರಲ್ಲಿ ಬಹುಪಾಲು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಉಳಿದಿದ್ದು ಲಗ್ಗೆರೆಯಲ್ಲಿ, ಹಳೇ ಸಂಗಾತಿಯೊಬ್ಬರ ಮನೆಯಲ್ಲಿ. ಇಪ್ಪತ್ತು ಮೂವತ್ತರ ಸೈಟಲ್ಲಿ ಎರಡು ಅಂತಸ್ತು ಎತ್ತಿದ್ದಾರೆ. ರಾತ್ರಿ ಊಟಕ್ಕೆ ಕೂತಾಗ ಈ ಕಥೆ ಹೇಳಿದೆ. 'ನೀನ್ಯಾಕ್ಲಾ ಅಲ್ಲೆಲ್ಲ ಹೋದೆ? ನಮ್ಮೋರ ಮನೆ ನೋಡು, ಸುಮ್ಕೆ ಬಾ ಈ ಕಡೀಕೆ' ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ. ಅಲ್ಲಿ ಸಂಜೆ ಆರಾಮಾಗಿತ್ತು. ಅಡುಗೆಮನೆ ವಾಸನೆಗೆ ಕಿಟಕಿ ಮುಚ್ಚೋ ಹಾಗಿರಲಿಲ್ಲ, ಗೋಡೆಮೇಲಿನ ಫೋಟೋ ಯಾರೂ ಮುಚ್ಚಿಡಬೇಕಿರಲಿಲ್ಲ, ಪಕ್ಕದ ಮನೆ ಅಕ್ಕ ಸಾರು ತಂದುಕೊಟ್ರು. ಆದ್ರೆ ನನ್ನ ಆಫೀಸಿಗೆ ಹತ್ತಿರ, ಮಗಳ ಕಾಲೇಜಿಗೆ ಹತ್ತಿರ ಅಂತ ಜಾಗ ಆರಿಸೋ ಹಕ್ಕು ಉಳಿದೋರಿಗೆಲ್ಲ ಇದೆ, ನಮಗೆ ಮಾತ್ರ ನಮ್ಮೋರು ಎಲ್ಲಿದ್ದಾರೋ ಅಲ್ಲಿಗೆ ಹೋಗು ಅನ್ನೋದಾದ್ರೆ, ಕೊಳ್ಳೇಗಾಲದ ಕೇರಿಯಿಂದ ಬೆಂಗಳೂರಿನ ಕೇರಿಗೆ 140 ಕಿಲೋಮೀಟರ್ ಬಸ್ಸಲ್ಲಿ ಬಂದ ಹಾಗಾಯ್ತು ಅಷ್ಟೇ.

ಸಂಗಾತಿಯ ಹೆಂಡತಿ ಇನ್ನೊಂದು ಮಾತು ಹೇಳಿದ್ರು. 2025ರಲ್ಲಿ ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ನಡೀತಲ್ಲ, ರಾಜ್ಯದಲ್ಲೆಲ್ಲ ಹಿಂದೆ ಬಿದ್ದದ್ದು ಬೆಂಗಳೂರೇ. ನಾವು ಊರಲ್ಲಿ ಕೂತು 'ಬೆಂಗಳೂರು ದಲಿತರಿಗೆ ಜಾತಿ ಹೇಳ್ಕೊಳ್ಳೋಕೆ ನಾಚಿಕೆ' ಅಂತ ಬೈದಿದ್ವಿ, ಇದೇ ಗೋಡೆಯ ಮೇಲೆ ಅನೇಕರು ಬರೆದಿದ್ರು. ಆಯಮ್ಮ ಹೇಳಿದ್ದು ಇಷ್ಟೇ: 'ಅಣ್ಣ, ಗಣತಿಯವರು ಬಂದಾಗ ಓನರ್ ಮೆಟ್ಟಿಲ ಮೇಲೆ ನಿಂತಿರ್ತಾನೆ. ಅವನ ಮುಂದೆ ಹೊಲೆಯ, ಮಾದಿಗ ಅಂತ ಹೇಳಿ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ಲಾ?' ಒಳಮೀಸಲಾತಿಗಾಗಿ ಮೂರು ದಶಕ ಬೀದಿಯಲ್ಲಿ ಕೂತ ಜನ ನಾವು. ಬಾಡಿಗೆ ಮನೆಯ ಭಯ ನಮ್ಮ ಎಣಿಕೆಯನ್ನೇ ಕಡಿಮೆ ಮಾಡಿಬಿಡುತ್ತೆ ಅಂದ್ರೆ ಇದನ್ನ ಯಾರೋ ಒಬ್ಬಿಬ್ಬರ ಖಾಸಗಿ ಕಷ್ಟ ಅಂತ ಬಿಡೋಕೆ ಆಗುತ್ತಾ?

ನನ್ನ ತಕರಾರು ಇರೋದು ನಮ್ಮ ಚಳವಳಿಯ ಮೇಲೂ. ಬಗರ್‌ಹುಕುಂ ಭೂಮಿ ಕೇಳಿದ್ದೀವಿ, ಹಾಸ್ಟೆಲ್ ಕೇಳಿದ್ದೀವಿ, ಸ್ಮಶಾನ, ಬ್ಯಾಕ್‌ಲಾಗ್ ಹುದ್ದೆ, ಬಡ್ತಿ ಮೀಸಲಾತಿ ಎಲ್ಲ ಕೇಳಿದ್ದೀವಿ. ಇಷ್ಟು ವರ್ಷದ ಹಕ್ಕೊತ್ತಾಯ ಪತ್ರಗಳನ್ನ ನಾನೇ ಎಷ್ಟೋ ಟೈಪ್ ಮಾಡಿದ್ದೀನಿ, ನಗರದಲ್ಲಿ ಬಾಡಿಗೆ ಮನೆ ನಿರಾಕರಣೆ ಅನ್ನೋ ಒಂದು ಸಾಲು ನಾನು ಟೈಪ್ ಮಾಡಿದ ಯಾವುದರಲ್ಲೂ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸ್ತಾ ಬಾಬಾಸಾಹೇಬರು ಹಳ್ಳಿಯನ್ನ ಹೊಗಳೋರ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ರು. ಅದನ್ನ ಕೇಳಿಸ್ಕೊಂಡು ನಾವು ಮಕ್ಕಳಿಗೆ ಊರು ಬಿಡಿ ಅಂತ ಹೇಳಿದ್ವಿ. ಹಾಸ್ಟೆಲ್ಲಿರೋತನಕ ಹುಡುಗರಿಗೆ ತೊಂದರೆ ಇಲ್ಲ. ಹಾಸ್ಟೆಲ್ ಬಿಟ್ಟ ದಿನ ಅವರೆಲ್ಲಿ ಮಲಗಬೇಕು ಅಂತ ನಾವು ಯಾರೂ ಯೋಚಿಸಿಲ್ಲ. ಅವರು ಡಿಪಿ ಬದಲಾಯಿಸಿ, ಹೆಸರಿನ ಮುಂದೆ ಗೌಡ ಸೇರಿಸಿ ತಮ್ಮಷ್ಟಕ್ಕೆ ತಾವು ದಾರಿ ಹುಡುಕ್ಕೊಂಡಿದ್ದಾರೆ. ಆಮೇಲೆ ಅವರು ಸಭೆಗೆ ಬರಲ್ಲ ಅಂತ ನಾವೇ ಬೈತೀವಿ.

ಕಾನೂನು ಇಲ್ಲ ಅಂತಲ್ಲ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಕಲಂ ತೆಗೆದು ನೋಡಿ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟೋದು, ಪಡೆಯೋದು, ಅದರಲ್ಲಿ ವಾಸ ಮಾಡೋದನ್ನ ಅಸ್ಪೃಶ್ಯತೆಯ ಕಾರಣಕ್ಕೆ ತಡೆದ್ರೆ ಅಪರಾಧ ಅಂತ ಅದರಲ್ಲಿ ಸ್ಪಷ್ಟವಾಗಿದೆ. 12ನೇ ಕಲಂ ಇನ್ನೂ ಮುಖ್ಯ. ಆ ಕಾಯ್ದೆಯಲ್ಲಿ ಅಪರಾಧ ಅಂತ ಹೇಳಿರೋ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ಆಗಿದೆ ಅಂತ ನ್ಯಾಯಾಲಯ ಭಾವಿಸಬೇಕು, ಅಲ್ಲ ಅಂತ ತೋರಿಸೋ ಹೊಣೆ ಎದುರಿನವನದ್ದು. ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯಕ್ಕೆ ಈಗ ಸ್ವಂತ ಪೊಲೀಸ್ ಠಾಣೆಗಳೂ ಇವೆ. ಆದ್ರೆ ದೂರು ಕೊಡೋದು ಹೇಗೆ? ಅಕ್ಕನ ಮಗ ಅಡ್ಡ ಬರ್ತಾನಲ್ಲ. ಮನೆ ಖಾಲಿ ಇತ್ತು, ನನಗಿಲ್ಲ ಅಂದ್ರು, ಇನ್ನೊಬ್ಬರಿಗೆ ಕೊಡೋಕೆ ತಯಾರಿದ್ರು, ಈ ಮೂರನ್ನೂ ಒಟ್ಟಿಗೆ ಹಿಡಿಯದೆ ಠಾಣೆ ಮೆಟ್ಟಿಲು ಹತ್ತಿದ್ರೆ ಬರಿಗೈಲಿ ವಾಪಸ್ ಬರಬೇಕಾಗುತ್ತೆ.

ಅದಕ್ಕೆ ನನ್ನ ಸಲಹೆ ಹೀಗಿದೆ. ಹೋಟೆಲಲ್ಲಿ ಎರಡು ಲೋಟದ ಪದ್ಧತಿ ಹಿಡಿಯೋಕೆ ನಾವು ಏನು ಮಾಡ್ತಿದ್ವಿ? ಮೊದಲು ನಮ್ಮವನೊಬ್ಬ ಹೋಗಿ ಟೀ ಕೇಳ್ತಿದ್ದ, ಹಿಂದೆಯೇ ಗೊತ್ತಿರೋ ಬೇರೆ ಜಾತಿಯ ಸ್ನೇಹಿತ ಹೋಗ್ತಿದ್ದ. ಅದನ್ನೇ ಟು ಲೆಟ್ ಬೋರ್ಡಿಗೂ ಮಾಡೋಣ. ಒಂದೇ ಮನೆಗೆ ಒಂದೇ ದಿನ ಎರಡು ಫೋನು. ಒಂದೇ ಸಂಬಳ, ಒಂದೇ ಕುಟುಂಬ ಗಾತ್ರ, ಹೆಸರು ಮತ್ತು ಡಿಪಿ ಮಾತ್ರ ಬೇರೆ. ತಾರೀಖು, ಗಂಟೆ, ಮಾತು ಎಲ್ಲ ಬರೆದಿಡೋದು. ಪ್ರೊ. ಸುಖದೇವ್ ಥೋರಟ್ ಮತ್ತು ಅವರ ತಂಡ ದೆಹಲಿ ಸುತ್ತಮುತ್ತ ಹೀಗೇ ಮಾಡಿ ತೋರಿಸಿದ್ದಾರೆ. ಅಲ್ಲಿ ನಮಗಿಂತ ಹೆಚ್ಚು ಬಾಗಿಲು ಮುಚ್ಚಿದ್ದು ಮುಸ್ಲಿಮರಿಗೆ. ಹಾಗಾಗಿ ಈ ಕೆಲಸಕ್ಕೆ ಅವರನ್ನೂ ಕರೆದು ಕೂರಿಸ್ಕೋಬೇಕು, ಇದು ಒಂಟಿಯಾಗಿ ಮಾಡೋದಲ್ಲ. ನೂರು ಮನೆಯ ದಾಖಲೆ ಕೈಯಲ್ಲಿದ್ರೆ ನಿರ್ದೇಶನಾಲಯಕ್ಕೂ ಹೋಗಬಹುದು, ಸಮಾಜ ಕಲ್ಯಾಣ ಸಚಿವರ ಮುಂದೂ ಇಡಬಹುದು. ಬ್ರೋಕರ್‌ಗಳನ್ನ, 'ಓನ್ಲಿ ವೆಜಿಟೇರಿಯನ್ಸ್' ಬೋರ್ಡುಗಳನ್ನ ಏನು ಮಾಡಬೇಕು ಅನ್ನೋದು ಆಮೇಲಿನ ಚರ್ಚೆ. ಮಾಂಸ ತಿನ್ನೋ ಜಾತಿಯ ಓನರ್‌ಗಳೂ ಆ ಬೋರ್ಡು ಹಾಕಿದ್ದನ್ನ ನಾನು ಕಣ್ಣಾರೆ ನೋಡಿದೆ, ಅದಕ್ಕೆ ನಗಬೇಕೋ ಅಳಬೇಕೋ.

ಇದಕ್ಕಿಂತ ದೊಡ್ಡ ವಿಷಯ ಬೇಕಾದಷ್ಟಿವೆ, ಕೊಲೆ, ಬಹಿಷ್ಕಾರ ನಡೀತಿರುವಾಗ ಬಾಡಿಗೆ ಮನೆ ಯಾಕೆ ಅಂತ ಕೆಲವರು ಕೇಳಬಹುದು, ಈಗಾಗಲೇ ಫೋನಲ್ಲಿ ಒಬ್ಬರು ಕೇಳಿದ್ರು. ಅವರಿಗೆ ನಾನು ಕೇಳಿದ್ದು, ಬಹಿಷ್ಕಾರಕ್ಕೆ ಹೆದರಿ ಊರು ಬಿಟ್ಟವನು ಬಂದು ಇಳಿಯೋದು ಎಲ್ಲಿ ಸ್ವಾಮಿ?

ಬಡ್ತಿಗೆ ಒಪ್ಪಿಗೆ ಪತ್ರ ಬರೆದುಕೊಟ್ಟಿದ್ದೀನಿ. ಮನೆಯವಳು ಮೊದಲು ಬೇಡ ಅಂದ್ಲು, ಮಗಳು ಒಪ್ಪಿಸಿದ್ಲು. ಮುಂದಿನ ಎರಡು ಭಾನುವಾರ ಮತ್ತೆ ಬೆಂಗಳೂರಲ್ಲಿರ್ತೀನಿ. ಹಸಿರು ಮಾರ್ಗದ ಆಸುಪಾಸು 12,000ದ ಒಳಗೆ ಮನೆ ಗೊತ್ತಿದ್ರೆ ಇನ್‌ಬಾಕ್ಸಿಗೆ ಬರೆಯಿರಿ, ಓನರ್ ಯಾವ ಜಾತಿಯವರಾದ್ರೂ ನನಗೆ ಅಭ್ಯಂತರ ಇಲ್ಲ. ಎರಡು ಫೋನಿನ ಕೆಲಸಕ್ಕೆ ಬರೋ ಸಂಗಾತಿಗಳು, ಮುಖ್ಯವಾಗಿ ನಮ್ಮವರಲ್ಲದ ಸ್ನೇಹಿತರು, ಕೆಳಗೆ ಹೆಸರು ಹಾಕಿ. ವಕೀಲರು ಇಬ್ಬರಾದ್ರೂ ಬೇಕು.

ಜೈಭೀಮ್.