ನಿರೋಧ್ ಬೀರುವಿನಲ್ಲಿ, ರೋಗ ಬೀದಿಯಲ್ಲಿ

ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ 'ಗುಪ್ತರೋಗಗಳಿಗೆ ಖಂಡಿತ ಪರಿಹಾರ' ಎಂಬ ಚೀಟಿಯನ್ನು ಓದದ ಕಾರ್ಮಿಕನಿಲ್ಲ. ರೋಗಕ್ಕೆ ಗುಪ್ತವೆಂದು ಹೆಸರಿಟ್ಟವರು ಯಾರೋ ತಿಳಿಯದು. ಆ ಹೆಸರಿನಿಂದ ದುಡ್ಡು ಮಾಡಿಕೊಂಡವರು ಮಾತ್ರ ಆ ಚೀಟಿ ಅಂಟಿಸಿದವರೇ. ನಾಚಿಕೆಗೆ ಸಿಕ್ಕಿದವನು ಸರಕಾರಿ ಆಸ್ಪತ್ರೆಗೆ ಹೋಗುವುದಿಲ್ಲ; ಲಾಡ್ಜಿನ ಕೋಣೆಯಲ್ಲಿ ಕುಳಿತ ಪಂಡಿತನಿಗೆ ವಾರದ ಕೂಲಿ ಸುರಿದು ಬರುತ್ತಾನೆ.

ಇಂಥ ವಿಷಯ ಪತ್ರಿಕೆಯಲ್ಲಿ ಬರಬಾರದೆಂದು ಕೆಲವು ಹಿರಿಯರು ಮೂಗು ಮುರಿಯಬಹುದು. ಮುರಿಯಲಿ. 1930ರಲ್ಲೇ ಸರಕಾರದ ಖರ್ಚಿನಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಹೊರಟ ಮೈಸೂರಿನ ನಾಡು ನಮ್ಮದು. ಅಜ್ಜಂದಿರಿಗೆ ಇದ್ದ ಧೈರ್ಯ ಮೊಮ್ಮಕ್ಕಳಿಗೆ ಬೇಡವೆ?

ಸಿಫಿಲಿಸ್, ಗೊನೊರಿಯಾ, ಕ್ಲಮೈಡಿಯಾ, ಟ್ರೈಕೊಮೊನಾಸ್ ಎಂಬ ನಾಲ್ಕೇ ರೋಗಗಳು 2020ರಲ್ಲಿ ಲೋಕದಾದ್ಯಂತ 37.4 ಕೋಟಿ ಸಲ ಹೊಸದಾಗಿ ಅಂಟಿದವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನಾಲ್ಕೂ ಔಷಧಿಯಿಂದ ವಾಸಿಯಾಗುವಂಥವು. ಎಚ್‌ಐವಿ ಹಾಗಲ್ಲ; ಜೀವನವಿಡೀ ಮಾತ್ರೆ ನುಂಗಬೇಕು. ಆದರೆ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಮನೆಯಲ್ಲಿ ಕುಳಿತ ಹೆಣ್ಣುಮಗಳ ಪಾಡು. ದುಡಿಮೆಗೆಂದು ಊರು ಬಿಟ್ಟವನು ಹಬ್ಬಕ್ಕೆ ಬಂದಾಗ ಸೀರೆಯ ಜೊತೆ ರೋಗವನ್ನೂ ತಂದರೆ ಆಕೆ ಕೇಳುವುದು ಹೇಗೆ? ಗೊನೊರಿಯಾ, ಕ್ಲಮೈಡಿಯಾ ಎಷ್ಟೋ ಹೆಂಗಸರಲ್ಲಿ ನೋವಿಲ್ಲದೆ, ಸೂಚನೆ ಕೊಡದೆ ಒಳಗೇ ಹಬ್ಬಿ ಗರ್ಭನಾಳವನ್ನು ಕೆಡಿಸುತ್ತವೆ. ಆಮೇಲೆ ಮಕ್ಕಳಾಗಲಿಲ್ಲವೆಂದು ಬಂಜೆಯ ಪಟ್ಟ ಕಟ್ಟಿ ತವರಿಗೆ ಅಟ್ಟುವುದು ಅವಳನ್ನೇ. ಬಸುರಿಗೆ ಸಿಫಿಲಿಸ್ ಇದ್ದು ಚಿಕಿತ್ಸೆಯಾಗದಿದ್ದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು.

ಇದನ್ನು ತಡೆಯುವ ವಸ್ತು ಬಲು ಅಗ್ಗದ ರಬ್ಬರಿನದು. ಸರಕಾರ 1968ರಲ್ಲಿ ನಿರೋಧ್ ಹೊರಡಿಸಿದಾಗ ಮೂರಕ್ಕೆ ಬೆಲೆ 15 ಪೈಸೆ. ಆಗ ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದವರು ಡಾಕ್ಟರರಲ್ಲ. ಚಹಾ, ಸಾಬೂನು, ಸಿಗರೇಟು, ಬ್ಯಾಟರಿ ಮಾರುವ ದೊಡ್ಡ ಕಂಪನಿಗಳ ಜಾಲವನ್ನೇ ಸರಕಾರ ಬಳಸಿಕೊಂಡಿತು. ಬ್ರೂಕ್ ಬಾಂಡ್, ಲಿಪ್ಟನ್ ಚಹಾಪುಡಿಯ ಪಕ್ಕದಲ್ಲಿ ಕಿರಾಣಿ ಅಂಗಡಿಯ ಹಲಗೆಯ ಮೇಲೆ ನಿರೋಧ್ ಕೂತಿತ್ತು. ಮುಂದೆ 1985ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಹಿಂದೂಸ್ಥಾನ್ ಲ್ಯಾಟೆಕ್ಸ್‌ನ ಕಾರ್ಖಾನೆ ನಡೆಯತೊಡಗಿತು.

ಈಗ ಸರಕಾರ ಅದನ್ನು ಪುಕ್ಕಟೆಯಾಗಿಯೂ ಕೊಡುತ್ತದೆ. ಸಂತೋಷ. ಆದರೆ ಎಲ್ಲಿ? ಹೆಚ್ಚಾಗಿ ಆಸ್ಪತ್ರೆಯಲ್ಲಿ, ಕುಟುಂಬ ಯೋಜನೆಯ ಲೆಕ್ಕದಲ್ಲಿ. ಎರಡನೇ ಪಾಳಿ ಮುಗಿಸಿದವನು ರಾತ್ರಿ ಹೋದರೆ ಬೀರುವಿಗೆ ಬೀಗ. ಹಗಲು ಹೋದರೆ, 'ಮದುವೆಯಾಗಿದೆಯೇನಪ್ಪಾ?' ಎಂಬ ಪ್ರಶ್ನೆಗೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸುತ್ತಾರೆ. ಉಳ್ಳವನು ಔಷಧದ ಅಂಗಡಿಯಲ್ಲಿ ಸದ್ದಿಲ್ಲದೆ ಕೊಳ್ಳುತ್ತಾನೆ. ಇಲ್ಲದವನು ತನ್ನ ಗುಟ್ಟನ್ನು ಬೆಲೆಯಾಗಿ ತೆರಬೇಕು. ಇದನ್ನು ಪುಕ್ಕಟೆ ಎನ್ನಲು ನನಗೆ ಮನಸ್ಸಿಲ್ಲ.

ಪುಕ್ಕಟೆ ಹಂಚಿದರೆ ಜನ ಕೆಡುತ್ತಾರೆಂಬ ವಾದವೊಂದಿದೆ. ಕೊಡೆ ಹಿಡಿದರೆ ಮಳೆ ಬರುತ್ತದೆಯೆ? ಥಾಯ್ಲೆಂಡಿನ ರಾಚ್ಚಬುರಿ ಪ್ರಾಂತದಲ್ಲಿ 1989ರಲ್ಲಿ ವೇಶ್ಯಾಗೃಹಗಳಿಗೆ ಉಚಿತವಾಗಿ ಕಾಂಡೋಮ್ ಕೊಟ್ಟು, ಅದಿಲ್ಲದೆ ವ್ಯವಹಾರ ಕೂಡದೆಂದು ಮಾಲೀಕರಿಗೆ ತಾಕೀತು ಮಾಡಿದರು. ಬಳಿಕ ಅದು ದೇಶಕ್ಕೆಲ್ಲ ಹರಡಿತು. 1993ರ ಹೊತ್ತಿಗೆ ಅಲ್ಲಿ ಬಳಕೆ ನೂರಕ್ಕೆ 14ರಿಂದ 94ಕ್ಕೆ ಏರಿ, ಗಂಡಸರಲ್ಲಿ ಐದು ಮುಖ್ಯ ಲೈಂಗಿಕ ರೋಗಗಳು ನೂರಕ್ಕೆ 79ರಷ್ಟು ಇಳಿದವು. ಸೈನ್ಯಕ್ಕೆ ಸೇರಿದ ತರುಣರನ್ನು 1991ರಿಂದ 1995ರವರೆಗೆ ವಿಚಾರಿಸಿದಾಗ ಆ ಮನೆಗಳಿಗೆ ಹೋಗುವವರೇ ಕಡಿಮೆಯಾಗಿದ್ದರು. ಎಲ್ಲಿ ಕೆಟ್ಟರು ಜನ?

ಆದರೆ ಪೋಲೀಸರ ಹೆದರಿಕೆಯ ದಾರಿ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಕಲ್ಕತ್ತೆಯ ಸೋನಾಗಾಚಿಯಲ್ಲಿ 1992ರಿಂದ ಡಾ. ಸ್ಮರಜಿತ್ ಜಾನಾ ಬೇರೆ ದಾರಿ ಹಿಡಿದರು. ಆ ಕಸುಬಿನ ಹೆಂಗಸರೇ ಹಂಚುವವರಾದರು, ತಿಳಿಹೇಳುವವರಾದರು; 1995ರಲ್ಲಿ ತಮ್ಮದೇ ಸಂಘ ಕಟ್ಟಿದರು. ಒಬ್ಬಳೇ 'ಇಲ್ಲದೆ ಆಗದು' ಎಂದರೆ ಗಿರಾಕಿ ಪಕ್ಕದ ಮನೆಗೆ ಹೋದಾನು. ಕೇರಿಯೆಲ್ಲ ಒಂದೇ ಮಾತೆಂದರೆ ಎಲ್ಲಿಗೆ ಹೋದಾನು? ಮುಷ್ಕರ ಮಾಡಿ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಮೇಷ್ಟರ ಚಾಳಿಯಂತೆ ಇನ್ನೆರಡು ಮಾತು. ಪೊಟ್ಟಣದ ಮೇಲಿನ ತಾರೀಖು ನೋಡಿ. ಬಿಸಿಲಲ್ಲಿ, ಹಿಂಬದಿಯ ಜೇಬಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಕೊಬ್ಬರಿ ಎಣ್ಣೆ ತಾಗಿದರೆ ರಬ್ಬರು ಹರಿಯುತ್ತದೆ. ಪ್ರತಿ ಸಲಕ್ಕೂ ಹೊಸದು ಬೇಕು. ಅದು ಮುಚ್ಚದ ಜಾಗದಲ್ಲಿ ಹುಣ್ಣಿದ್ದರೆ ಸಿಫಿಲಿಸ್, ಹರ್ಪಿಸ್ ಅಂಟಬಹುದು. ಆದ್ದರಿಂದ ಹುಣ್ಣು, ಉರಿ, ಕೀವು ಕಂಡರೆ ಗೋಡೆಯ ಚೀಟಿ ಓದದೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್ಕಿಗೆ ಹೋಗಿ. ಅಲ್ಲಿ ಚಿಕಿತ್ಸೆಗೆ ಕಾಸಿಲ್ಲ. ಹೆಂಡತಿಯನ್ನೂ ಕರೆದೊಯ್ಯಿರಿ, ಒಬ್ಬರಿಗೇ ಔಷಧಿಯಾದರೆ ರೋಗ ಮತ್ತೆ ಮರಳುತ್ತದೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಗಿರಣಿಯ ಗೇಟಿನ ಒಳಗೆ, ಕೈಕಾಲು ತೊಳೆಯುವ ಜಾಗದಲ್ಲಿ, ಲಾರಿ ನಿಲ್ದಾಣದಲ್ಲಿ, ಕ್ಷೌರದಂಗಡಿಯಲ್ಲಿ, ರಾತ್ರಿ ತೆರೆದಿರುವ ಚಹಾದಂಗಡಿಯಲ್ಲಿ ಒಂದೊಂದು ಪೆಟ್ಟಿಗೆ. ಹೆಸರು ಬರೆಯುವ ಪುಸ್ತಕ ಬೇಡ, ಕೇಳುವವರು ಬೇಡ. ಕೈ ಹಾಕಿ ತೆಗೆದುಕೊಂಡು ಹೋಗುವಂತಿರಬೇಕು. ಪೆಟ್ಟಿಗೆ ತುಂಬಿಸುವ ಹೊಣೆ ಆರೋಗ್ಯ ಇಲಾಖೆಯದು. ಹೆಂಗಸರು ದುಡಿಯುವ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಅವರ ಕಡೆಗೂ ಒಂದಿರಲಿ. ಅಂಗಡಿಕಾರ ಮಿತ್ರರೇ, 1968ರಲ್ಲಿ ನಿಮ್ಮ ತಂದೆಯವರು ಚಹಾಪುಡಿಯ ಪಕ್ಕದಲ್ಲಿ ಇಟ್ಟಿದ್ದರೆಂದು ನೀವು ಇಡಲು ಹಿಂಜರಿಯಬೇಡಿ. ಕಾರ್ಮಿಕ ಬಂಧುಗಳು ಮುಂದಿನ ಸಂಘದ ಸಭೆಯ ವಿಷಯಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಇದನ್ನೂ ಬರೆದು, ಜಿಲ್ಲಾ ಆರೋಗ್ಯಾಧಿಕಾರಿಗೆ ಅರ್ಜಿ ಕೊಡುವವರು ಯಾರೆಂದು ಅಲ್ಲೇ ಗೊತ್ತುಮಾಡಿ.