ಬೆಳಕಿಂಡಿಯ ಕೆಳಗಿನ ಊಟ

ಜಪಾನಿನ ಕ್ಯೋಟೊ ನಗರದ ವಾರಂಜಿಯಾ ಎಂಬ ಭೋಜನಶಾಲೆಯಲ್ಲಿ ಹಿಂದೆ ಮೇಣದ ಬತ್ತಿಯ ಬೆಳಕಿನಲ್ಲಿಯೇ ಊಟ ಬಡಿಸುತ್ತಿದ್ದರು. ಕತ್ತಲೆಯಾಯಿತೆಂದು ಗಿರಾಕಿಗಳು ಗೊಣಗಿದ್ದರಿಂದ ಅಲ್ಲಿಗೂ ವಿದ್ಯುದ್ದೀಪ ಬಂದಿತು. ಲೇಖಕ ಜುನಿಚಿರೊ ತಾನಿಜಾಕಿ ಮಾತ್ರ ಹಳೆಯ ದೀಪವನ್ನೇ ಕೇಳಿ ತರಿಸಿಕೊಂಡರು. ಮೆರುಗು ಬಳಿದ ಮರದ ಬಟ್ಟಲುಗಳ ನಿಜವಾದ ಚೆಲುವು ಅವರಿಗೆ ಆ ಮಂದ ಬೆಳಕಿನಲ್ಲಿ ಕಂಡಿತು. ನೆರಳಿನ ಸೊಬಗನ್ನು ಕುರಿತು 1933ರಲ್ಲಿ ಅವರು ಪ್ರಕಟಿಸತೊಡಗಿದ ಪ್ರಬಂಧದಲ್ಲಿ ಈ ಪ್ರಸಂಗವಿದೆ. ಇಂದು ಜಪಾನೀ ಭೋಜನಶಾಲೆ ಕಟ್ಟುವವರು ಮಣ್ಣಿನ ಗೋಡೆ, ಬಣ್ಣ ಕಾಣದ ಮರ, ಕಾಗದದ ಬಾಗಿಲಿನಲ್ಲಿ ಸೋಸಿ ಬರುವ ಬಿಸಿಲು ಇವುಗಳಿಗಾಗಿ ಹಣ ಸುರಿಯುತ್ತಾರೆ.

ಇವೆಲ್ಲ ಜತ್ತ ತಾಲೂಕಿಗೆ ಹೊಸವಲ್ಲ. ಉಮದಿ, ಸಂಖ ಭಾಗದ ಹಳೆಯ ಮಾಳಿಗೆ ಮನೆಗಳನ್ನು ನೋಡಬೇಕು. ಕರಿಕಲ್ಲು, ಮಣ್ಣುಗಳ ದಪ್ಪ ಗೋಡೆ, ಬೇವಿನ ತೊಲೆ, ಜಂತಿಗಳ ಮೇಲೆ ಮಣ್ಣಿನ ಮೇಲ್ಮುದ್ದೆ. ಮಳೆ ಕಡಿಮೆಯಾದ ನಾಡಿಗೆ ಒಪ್ಪುವ ಕಟ್ಟಡವಿದು. ಹಗಲಿನ ಕಾವು ಗೋಡೆಯನ್ನು ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಕಣ್ಣು ಕುಕ್ಕುವ ಬಿಸಿಲು ಬೆಳಕಿಂಡಿಯಿಂದ ಕೋಲಾಗಿ ಇಳಿದು, ಸಾರಿಸಿದ ನೆಲಕ್ಕೂ ಸುಣ್ಣದ ಗೋಡೆಗೂ ತಾಗಿ, ಪಡಸಾಲೆಯ ತುಂಬ ಮೆದುವಾಗಿ ಹರಡುತ್ತದೆ. ಆ ಬೆಳಕಿನಲ್ಲಿ ಕಂಚಿನ ಗಂಗಾಳವೂ ಬಿಳಿಜೋಳದ ರೊಟ್ಟಿಯೂ ಕಳೆಗಟ್ಟುತ್ತವೆ.

ಮಾಳಿಗೆ ಕೆಡವಿ ಸಿಮೆಂಟಿನ ಮನೆ ಕಟ್ಟಿಕೊಂಡವರನ್ನು ಹಳಿಯುವುದು ನ್ಯಾಯವಲ್ಲ. ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಮೇಲ್ಮುದ್ದೆಗೆ ಮಣ್ಣು ಹಾಕಬೇಕು. ಗೆದ್ದಲು, ಇಲಿಗಳನ್ನು ಕಾಯಬೇಕು. ಸೋರುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸಿದವರಿಗೆ ಸೌಂದರ್ಯದ ಪಾಠ ಬೇಕಿಲ್ಲ.

ಆದರೆ ಖಾನಾವಳಿಯ ಮಾತು ಬೇರೆ. ಅದು ಬದುಕುವುದೇ ಬಂದವರು ನೆಮ್ಮದಿಯಿಂದ ಕುಳಿತು ಉಂಡರೆ. ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಬಿಸಿಲಲ್ಲಿ ಬಂದ ಭಕ್ತನಿಗೆ ಕಾದ ತಗಡಿನ ಸೂರು, ಪ್ಲಾಸ್ಟಿಕ್ಕಿನ ಮೇಜು, ಕೋರೈಸುವ ಟ್ಯೂಬ್‌ಲೈಟು ಯಾವ ತಂಪನ್ನು ಕೊಟ್ಟಾವು? ಹಾಳುಬಿದ್ದ ಒಂದು ಮಾಳಿಗೆ ಮನೆಯನ್ನು ದುರಸ್ತಿಗೊಳಿಸಿ ಅಲ್ಲಿಯೇ ಊಟ ಬಡಿಸಬಹುದು. ಅಡುಗೆಮನೆಗೆ ಮಾತ್ರ ತೊಳೆಯಲು ಬರುವ ಗೋಡೆ, ಧಾರಾಳ ಬೆಳಕು, ಹೊಗೆ ಹೋಗಲು ದಾರಿ ಇರಲೇಬೇಕು. ಉಣ್ಣುವ ಪಡಸಾಲೆಗೆ ಬೆಳಕಿಂಡಿ ಸಾಕು. ರಾತ್ರಿಗೆ ಗೋಡೆಯ ಗೂಡುಗಳಲ್ಲಿ ಹಳದಿ ಬೆಳಕಿನ ಸಣ್ಣ ದೀಪಗಳು.

ಇದಕ್ಕೆ ಕಾಲ ಬಹಳ ಉಳಿದಿಲ್ಲ. ಮಣ್ಣಿನ ಹದ ಬಲ್ಲ, ಜಂತಿ ಕೂಡಿಸಬಲ್ಲ ಕೈಗಳು ವಯಸ್ಸಾದವರವು. ಆ ಕೈಗಳಿಗೆ ಕೆಲಸ ಕೊಟ್ಟು, ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಮನೆಯೊಂದಿಗೆ ವಿದ್ಯೆಯೂ ಉಳಿದೀತು.