ಕಾಯ್ದೆ ಉಳಿದಿದೆ, ದೊಡ್ಡಿ ಉಳಿದಿಲ್ಲ

ಮಳೆಗಾಲದಲ್ಲಿ ಸುತ್ತಲ ನೆಲವೆಲ್ಲ ತೊಯ್ದು ಕೆಸರಾಗಿರುವಾಗ ಡಾಂಬರು ಮಾತ್ರ ಬೇಗ ಒಣಗುತ್ತದೆ. ವಾಹನಗಳು ಓಡಾಡುವುದರಿಂದ ನೊಣ, ಸೊಳ್ಳೆಯ ಕಾಟವೂ ಅಲ್ಲಿ ಕಡಿಮೆ. ಉತ್ತರ ಕನ್ನಡ ಕರಾವಳಿಯ ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಸುಮಾರು 60 ಕಿ.ಮೀ. ಉದ್ದಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ದನಗಳು ಮಲಗುವುದಕ್ಕೆ ಇಷ್ಟೇ ಕಾರಣ. ಅವುಗಳ ತಪ್ಪು ಏನೂ ಇಲ್ಲ. ಕತ್ತಲಲ್ಲಿ ಬೈಕ್ ಸವಾರ ದನಕ್ಕೆ ಗುದ್ದಿ ಬಿದ್ದಾಗ ಹೊಣೆ ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ದನ ಊರಿನದು ಎಂದು ಹೆದ್ದಾರಿಯವರು, ರಸ್ತೆ ಹೆದ್ದಾರಿಯವರದು ಎಂದು ಊರಾಡಳಿತದವರು ಕೈತೊಳೆದುಕೊಳ್ಳುತ್ತಾರೆ. ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಹೆದ್ದಾರಿ ಪ್ರಾಧಿಕಾರ, ಸ್ಥಳೀಯ ಸಂಸ್ಥೆ, ರಾಜ್ಯ ಸರ್ಕಾರ ಎಲ್ಲರನ್ನೂ ಒಟ್ಟಿಗೆ ಹೊಣೆಗಾರರನ್ನಾಗಿಸಿ, ಬೀಡಾಡಿ ದನಗಳನ್ನು ಹೆದ್ದಾರಿಯಿಂದ ತೆರವುಗೊಳಿಸಿ ಆಸರೆ ಕೊಡಿ ಎಂದು ಆದೇಶಿಸಿತು. ಆದೇಶ ಸರಿಯಾಗಿದೆ. ಆದರೆ ತೆರವು ಮಾಡಿದ ದನವನ್ನು ಒಯ್ದು ಕಟ್ಟುವುದು ಎಲ್ಲಿ?

ಊರಾಡಳಿತಕ್ಕೆ ಅಧಿಕಾರವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ದನದ ದೊಡ್ಡಿ, ಬೊಂಬಾಯಿ ಸೀಮೆಯ ಮಾತಿನಲ್ಲಿ ಕೊಂಡವಾಡ, ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲೇ ನಗರಾಡಳಿತದ ಕೆಲಸಗಳಲ್ಲಿ ಒಂದಾಗಿ ಸೇರಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವುದೂ ಅದೇ ಸಾಲಿನಲ್ಲಿದೆ. ಉತ್ತರ ಕನ್ನಡ ಬೊಂಬಾಯಿ ಆಧಿಪತ್ಯದಲ್ಲಿದ್ದ ಕಾಲದ 1871ರ ಜಾನುವಾರು ಅತಿಕ್ರಮಣ ಕಾಯ್ದೆಯನ್ನು ಓದಿದರೆ ಬೆರಗಾಗುತ್ತದೆ. ಬೆಳೆಗೆ ನುಗ್ಗಿದ ದನವನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಸೇರಿಸುವ ಹಕ್ಕು ರೈತನಿಗಿತ್ತು. ಸಾರ್ವಜನಿಕ ರಸ್ತೆಯಲ್ಲಿ ಅಲೆಯುವ ದನವನ್ನು ಪೊಲೀಸರೂ ರಸ್ತೆಯ ಉಸ್ತುವಾರಿಯವರೂ ಹಿಡಿಯಬಹುದಿತ್ತು. ಏಳು ದಿನದಲ್ಲಿ ಒಡೆಯ ಬಾರದಿದ್ದರೆ ಠಾಣೆಗೆ ವರದಿ, ನೋಟಿಸು, ಮತ್ತೆ ಏಳು ದಿನ ಕಾದು ಹರಾಜು. ನಮ್ಮ ರಾಜ್ಯ 1966ರಲ್ಲಿ ತನ್ನದೇ ಜಾನುವಾರು ಅತಿಕ್ರಮಣ ಕಾಯ್ದೆ ಮಾಡಿಕೊಂಡಿತು. ಒಂದೂವರೆ ಶತಮಾನದಿಂದ ಕಾನೂನಿಗೆ ಕೊರತೆಯಿಲ್ಲ.

ಆ ವ್ಯವಸ್ಥೆಯನ್ನು ನಡೆಸುತ್ತಿದ್ದುದು ಬೆಳೆ ಕಳೆದುಕೊಳ್ಳುವ ಭಯವಿದ್ದ ರೈತ, ಸರ್ಕಾರವಲ್ಲ. ಗದ್ದೆಯಲ್ಲಿ ಭತ್ತ, ಅದರ ಹಿಂದೆಯೇ ಶೇಂಗಾ, ಕುಮಟಾದ ಅಳ್ವೇಕೋಡಿಯ ಕಡೆ ಸಿಹಿ ಈರುಳ್ಳಿ ಇದ್ದಾಗ ಬಿಟ್ಟ ದನವನ್ನು ಯಾರಾದರೂ ಅಟ್ಟಿಕೊಂಡು ಹೋಗಿ ದೊಡ್ಡಿಗೆ ಹಾಕುತ್ತಿದ್ದರು. ದಂಡ ಕಟ್ಟುವ ಹೆದರಿಕೆಗೆ ಒಡೆಯ ದನ ಕಾಯುತ್ತಿದ್ದ. ಗದ್ದೆ ಹಡಿಲು ಬಿದ್ದು ಸೈಟುಗಳಾದ ಕಡೆ ದೂರು ಕೊಡುವ ರೈತನೂ ಇಲ್ಲ, ದನ ಮೇಯುತ್ತಿದ್ದ ಬೇಣವೂ ಇಲ್ಲ. ದನ ಪೇಟೆಯ ಕಸಕ್ಕೂ ಹೆದ್ದಾರಿಗೂ ಬಂತು. ದೊಡ್ಡಿ ಹೆಸರಿಗಷ್ಟೇ ಉಳಿಯಿತು.

ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಳೆಯ ದೊಡ್ಡಿ ದಂಡ ಮತ್ತು ಹರಾಜಿನ ದುಡ್ಡಿನಲ್ಲಿ ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುತ್ತಿತ್ತು. ಉಳುಮೆಗೆ ಟಿಲ್ಲರ್ ಬಂದ ಮೇಲೆ ಹೋರಿಗರುವನ್ನು ಕೇಳುವವರಿಲ್ಲ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿ ದನಕ್ಕೆ ಹರಾಜಿನಲ್ಲಿ ಕೊಳ್ಳುವವರೂ ಸಿಗುವುದಿಲ್ಲ. ಆ ಕಾಯ್ದೆ ಬೇಕೋ ಬೇಡವೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅದನ್ನು ತಂದ ರಾಜ್ಯ, ಅದರಿಂದ ಕೊಟ್ಟಿಗೆಯ ಹೊರಗೆ ಉಳಿದ ಜೀವಗಳ ಮೇವಿನ ಖರ್ಚನ್ನು ಹೊನ್ನಾವರದಂಥ ಪಟ್ಟಣ ಪಂಚಾಯತ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಿಡಿಯುವ ಅಧಿಕಾರ ಊರಿಗೆ, ಸಾಕುವ ದುಡ್ಡು ರಾಜ್ಯದಿಂದ. ಹೀಗಾಗದ ಹೊರತು ಯಾವ ಮುಖ್ಯಾಧಿಕಾರಿಯೂ ದನ ಹಿಡಿಸಲು ಮುಂದಾಗಲಾರ.

ದನಗಳಂತೆ ಬೀದಿನಾಯಿಗಳ ಹೊಣೆಯೂ ಊರಾಡಳಿತದ್ದೇ, ಆದರೆ ಅಲ್ಲಿ ಅಡಚಣೆ ಬೇರೆ ಬಗೆಯದು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡುವ ಹೊಣೆ ಸ್ಥಳೀಯ ಸಂಸ್ಥೆಯದು. ಅದಕ್ಕೆ ಶಸ್ತ್ರಚಿಕಿತ್ಸೆಯ ಕೋಣೆ, ಗೂಡುಗಳು, ತರಬೇತಾದ ಪಶುವೈದ್ಯರು, ಹಿಡಿಯಲು ಬಲ್ಲ ಜನ, ವಾಹನ, ಮೇಲೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಮಹಾನಗರ ಪಾಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂತಿರುವ ಈ ನಿಯಮ ಮಂಕಿಯಂಥ ಪಟ್ಟಣ ಪಂಚಾಯತ್‌ಗಳಿಗೂ ಅಷ್ಟೇ ಅನ್ವಯ. ಒಂದು ಊರು ಕಷ್ಟಪಟ್ಟು ಮಾಡಿದರೂ ಪಕ್ಕದ ಗ್ರಾಮ ಪಂಚಾಯತ್ ಮಾಡದಿದ್ದರೆ ಪ್ರಯೋಜನವಿಲ್ಲ, ನಾಯಿಗೆ ಪಂಚಾಯತ್ ಗಡಿ ಗೊತ್ತಿಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ಕ್ಕೆ ಲಸಿಕೆ ಬಿದ್ದರೆ ರೇಬಿಸ್ ಹರಡುವ ಸರಪಳಿ ಕಡಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕ ಹಿಡಿಯಬೇಕಾದದ್ದು ವಾರ್ಡಿನಲ್ಲಲ್ಲ, ಇಡೀ ಸೀಮೆಯಲ್ಲಿ. ಕಾರವಾರದ ಆಚೆಗಿನ ಗೋವಾ ಇದನ್ನು ಮಾಡಿ ತೋರಿಸಿದೆ. ಇಡೀ ರಾಜ್ಯವನ್ನೇ ಒಂದು ಘಟಕ ಎಂದು ಹಿಡಿದು ವರ್ಷವರ್ಷವೂ ಲಸಿಕೆ ಹಾಕಿ, 2021ರಲ್ಲಿ ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿಕೊಂಡಿತು.

ಆದ್ದರಿಂದ ನನ್ನ ವಾದ ಇಷ್ಟು: ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಪಟ್ಟಣ ಆಡಳಿತಗಳೂ ಗ್ರಾಮ ಪಂಚಾಯತ್‌ಗಳೂ ಜಿಲ್ಲಾಧಿಕಾರಿಯ ಮುಂದಾಳತ್ವದಲ್ಲಿ ಈ ಕೆಲಸವನ್ನು ಒಂದಾಗಿ ಮಾಡಬೇಕು. ಮೂರರಲ್ಲಿ ನಡುವೆ ಇರುವ ಹೊನ್ನಾವರದ ಆಸುಪಾಸಿನಲ್ಲಿ ನಾಯಿಗಳಿಗೆ ಒಂದೇ ಶಸ್ತ್ರಚಿಕಿತ್ಸಾ ಕೇಂದ್ರ ಸಾಕು. ದೊಡ್ಡಿ ಮಾತ್ರ ತಾಲ್ಲೂಕಿಗೊಂದು ಬೇಕು, ದನವನ್ನು ದೂರ ಸಾಗಿಸುವುದು ಕಷ್ಟ, ಬಿಡಿಸಿಕೊಳ್ಳಲು ಬರುವ ಒಡೆಯನಿಗೂ ಕಷ್ಟ.

ಇಷ್ಟೆಲ್ಲ ಯಾಕೆ, ನಾಯಿಗಳನ್ನು ದೂರದ ಕಾಡಿಗೆ ಬಿಟ್ಟು ಬಂದರಾಯಿತು ಎನ್ನುವವರಿದ್ದಾರೆ. ಮಗುವಿಗೆ ನಾಯಿ ಕಚ್ಚಿದ ಮನೆಯವರ ಸಿಟ್ಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾನೂನು ಅದಕ್ಕೆ ಎಡೆ ಕೊಡುವುದಿಲ್ಲ, ಕೊಟ್ಟರೂ ಅದು ನಡೆಯುವುದಿಲ್ಲ. ಮೀನು ಮಾರುಕಟ್ಟೆಯ ಹಿಂದೆ ತಲೆ, ಕರುಳು ಬಿದ್ದಿರುವವರೆಗೆ, ಕೋಳಿ ಅಂಗಡಿಯ ಚೀಲಗಳು ಹೆದ್ದಾರಿ ಪಕ್ಕದ ಚರಂಡಿಗೆ ಬೀಳುವವರೆಗೆ, ತೆರವಾದ ಜಾಗಕ್ಕೆ ಬೇರೆ ನಾಯಿ ಬಂದೇ ಬರುತ್ತದೆ. ಬಂದದ್ದಕ್ಕೆ ಲಸಿಕೆಯೂ ಆಗಿರುವುದಿಲ್ಲ. ಕಸದ ಮೇಲಿನ ಅಧಿಕಾರಕ್ಕೆ ಊರಾಡಳಿತ ಯಾರ ಮಾನ್ಯತೆಯನ್ನೂ ಕಾಯಬೇಕಿಲ್ಲ. ಅಲ್ಲಿಂದ ನಾಳೆಯೇ ಶುರುಮಾಡಬಹುದು.

ದನ ಬಿಟ್ಟವರಿಗೆ ದಂಡ ಹಾಕಿದರೆ ಒಂದೆರಡು ಗಿಡ್ಡ ತಳಿಯ ಆಕಳು ಕಟ್ಟಿಕೊಂಡ ಬಡವರಿಗೆ ಹೊರೆಯಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಮೇವಿನ ಖರ್ಚಷ್ಟೇ, ಮತ್ತೆ ಮತ್ತೆ ಬಿಟ್ಟರೆ ಮಾತ್ರ ದಂಡ ಎಂದು ಮೆಟ್ಟಿಲು ಮಾಡಬಹುದು. ಕಾಲುಬಾಯಿ ರೋಗದ ಲಸಿಕೆ ಹಾಕುವಾಗ ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆಯಿಂದ ಒಡೆಯನ ವಿವರ ಪಶುಸಂಗೋಪನಾ ಇಲಾಖೆಯ ಬಳಿ ಆಗಲೇ ಇದೆ. ಅದು ದೊಡ್ಡಿಯವರಿಗೂ ಸಿಗಬೇಕು. ದನಕ್ಕೆ ಒಡೆಯನಿದ್ದಾನೆ ಎಂದು ದಾಖಲೆಯಲ್ಲಿ ಇರುವುದು ಈ ಕರಾವಳಿಯಲ್ಲಿ ಇನ್ನೊಂದು ಕಾರಣಕ್ಕೂ ಮುಖ್ಯ. ರಾತ್ರಿ ರಸ್ತೆಬದಿ ಮಲಗಿದ್ದ ದನ ಬೆಳಗಿಗೆ ಕಾಣದಾದರೆ ಇಲ್ಲಿ ಅದು ಬರಿಯ ಕಳವಿನ ದೂರಾಗಿ ಉಳಿಯುವುದಿಲ್ಲ. ನೆರೆಹೊರೆಯವರ ನಡುವೆ ಗುಮಾನಿ ಹುಟ್ಟುತ್ತದೆ, ವಾಹನ ತಡೆಯುವ ಗುಂಪುಗಳು ರಸ್ತೆಗೆ ಇಳಿಯುತ್ತವೆ. ರಾತ್ರಿ ದನ ಕೊಟ್ಟಿಗೆಯಲ್ಲೋ ದೊಡ್ಡಿಯಲ್ಲೋ ಇದ್ದರೆ ಕಳ್ಳನಿಗೂ ಅವಕಾಶವಿಲ್ಲ, ಕಾನೂನನ್ನು ಕೈಗೆತ್ತಿಕೊಳ್ಳುವವರಿಗೂ ನೆಪವಿಲ್ಲ. ದನ ಹಿಡಿಯಲು ಬಂದ ಪೌರಕಾರ್ಮಿಕನನ್ನು ಯಾವ ಪಕ್ಷದ ಸದಸ್ಯನೂ ಫೋನು ಮಾಡಿ ತಡೆಯದಂತೆ ಈ ನಿರ್ಧಾರ ಸಾಮಾನ್ಯ ಸಭೆಯಲ್ಲಿ, ಎಲ್ಲರ ಸಹಿಯೊಂದಿಗೆ, ಮುಂಗಾರು ಶುರುವಾಗುವ ಮೊದಲೇ ಆಗಬೇಕು.